ಅವಲಂಬನಾ ದರ್ಶನ: ತೆಲಸಂಗ ಹೋಬಳಿಯ ಒಂದು ಉತಾರವನ್ನು ಆಧರಿಸಿದ ಶಾಸ್ತ್ರವಿಚಾರ

ಯಾವ ಕೆಲಸ ಯಾವ ಕೆಲಸದ ಬಾಲ ಹಿಡಿದು ನಿಂತಿದೆ ಎಂದು ಕಾಣುವ ವಿದ್ಯೆಗೆ ಪಾಶ್ಚಾತ್ಯರು ಕೈ ಹಾಕಿದ್ದು 1957ರಲ್ಲಿ. ಡ್ಯುಪಾಂಟ್ ಕಾರ್ಖಾನೆಗಳಿಗಾಗಿ ಕೆಲ್ಲಿ ಮತ್ತು ವಾಕರ್ ಕೆಲಸಗಳನ್ನೆಲ್ಲ ಬಾಣಗಳಿಂದ ಜೋಡಿಸಿದರು; ಮರುವರ್ಷ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗೆ ಅಂಥದೇ ನಕ್ಷೆ ಬರೆಯಿತು. ಕ್ಷಿಪಣಿ ಹಾರಿತು, ಒಪ್ಪೋಣ. ಆದರೆ ಈ ಪಂಡಿತರಲ್ಲಿ ಯಾರೂ ಅಥಣಿ ತಾಲೂಕಿನ ತೆಲಸಂಗದಲ್ಲಿ ಅಜ್ಜನ ಹೊಲವನ್ನು ಮೊಮ್ಮಕ್ಕಳ ಹೆಸರಿಗೆ ಮಾಡಿಸಲು ಓಡಾಡಿದವರಲ್ಲವಾದ್ದರಿಂದ ಅವರ ಶಾಸ್ತ್ರ ಅಪೂರ್ಣ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇದು: ಕಡತ ಎಲ್ಲಿದೆ ಎಂಬುದನ್ನು ತಂತ್ರಾಂಶ ಬಲ್ಲದು, ಯಾಕೆ ಅಲ್ಲಿದೆ ಎಂಬುದನ್ನು ಕಚೇರಿ ಎದುರು ಕೂತ ಬಾಂಡ್ ರೈಟರನೊಬ್ಬನೇ ಬಲ್ಲ.

ಪ್ರಮಾಣಗಳನ್ನು ನೋಡೋಣ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಬರಲು ವಾರಸಾ ಆಗಬೇಕು, ವಾರಸಾಕ್ಕೆ ವಂಶವೃಕ್ಷ ಬೇಕು, ವಂಶವೃಕ್ಷಕ್ಕೆ ಅಜ್ಜನ ಮರಣದ ದಾಖಲೆ ಬೇಕು. ಅಜ್ಜ ಸತ್ತದ್ದು ಊರಿಗೆಲ್ಲ ಗೊತ್ತು, ರಜಿಸ್ಟರಿಗೆ ಮಾತ್ರ ಗೊತ್ತಿಲ್ಲ. ವರ್ಷ ಮೀರಿದ ಸಾವು 1969ರ ಕಾಯ್ದೆಯಂತೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ದಾಖಲಾಗದು. ಇಷ್ಟೆಲ್ಲ ದಾಟಿದ ಮೇಲೆ ಅಣ್ಣತಮ್ಮಂದಿರ ವಾಟ್ನಿ, ಅದಕ್ಕೆ ಯಾರ ಪಾಲು ಎಲ್ಲಿ ಎಂದು ತೋರಿಸುವ 11ಇ ನಕ್ಷೆ. ಅಳತೆಗೆ ಮೋಜಿಣಿ, ನೋಂದಣಿಗೆ ಕಾವೇರಿ, ಪಹಣಿಗೆ ಭೂಮಿ. ಮೂರೂ ತಂತ್ರಾಂಶಗಳು ತಮ್ಮತಮ್ಮ ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಂಡಿವೆ. ಇಚಲಕರಂಜಿಯ ಮಗ್ಗದಲ್ಲಿರುವ ಕಿರಿ ತಮ್ಮ ಸಹಿಗೆ ಯಾವತ್ತು ಬರುತ್ತಾನೆಂಬುದು ಮಾತ್ರ ಯಾವ ಪರದೆಯ ಮೇಲೂ ಇಲ್ಲ.

ಇಲ್ಲಿ ಪೂರ್ವಪಕ್ಷದವರು ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಕಾಯ್ದೆಯ ಹೆಸರೆತ್ತುತ್ತಾರೆ. 2012ರ ಏಪ್ರಿಲ್ 2ರಿಂದ ರಾಜ್ಯದ ತುಂಬ ಜಾರಿಯಲ್ಲಿದೆ. ಸ್ವೀಕೃತಿ ಚೀಟಿಯ ಮೇಲೆ 15 ಅಂಕಿಯ ಸಂಖ್ಯೆ, ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಭಾಗಾಕಾರ ಮಾಡಿದರೆ 25 ದಿನ. 26ನೆಯ ದಿನದಿಂದ ವಿಳಂಬ ಪುಕ್ಕಟೆ. ಅದಿರಲಿ, ಸಕಾಲದ ಗಡಿಯಾರಕ್ಕೆ ಕೀಲಿ ಕೊಡುವುದೇ ಅರ್ಜಿ ಸ್ವೀಕಾರವಾದ ಮೇಲೆ. ಲಗತ್ತುಗಳನ್ನು ಕೂಡಿಸಲು ಸವೆದ ಚಪ್ಪಲಿ ಯಾವ ಲೆಕ್ಕಕ್ಕೂ ಇಲ್ಲ. ಭೂಮಿಯಲ್ಲಿ ಮೊದಲು ಬಂದ ಅರ್ಜಿಗೇ ಮೊದಲ ಸರದಿಯಲ್ಲವೇ ಎಂಬುದು ಎರಡನೆಯ ಆಕ್ಷೇಪ. ಹೌದು, ಆ ಒಂದು ಸಾಲಿನೊಳಗೆ; ಒಂದು ಸಾಲು ಇನ್ನೊಂದು ಸಾಲಿಗಾಗಿ ಕಾಯುವುದಕ್ಕೆ ಸರದಿಯ ನಿಯಮವೇ ಇಲ್ಲ. ಹಾಗಾದರೆ ಎಲ್ಲ ಬಾಣಗಳನ್ನೂ ಒಂದೇ ಪರದೆಗೆ ತನ್ನಿ ಎನ್ನುವವರು ಆಧುನಿಕರು. ಅವರಿಗೆ ಉತ್ತರ ಸ್ವಲ್ಪ ಕಠಿಣ. ಇಂಥ ಬಾಣಗಳನ್ನು ಕ್ರಮಕ್ಕೆ ತರುವ ವಿಧಾನವನ್ನು ಕಾನ್ ಎಂಬಾತ 1962ರಲ್ಲೇ ಪ್ರಕಟಿಸಿದ್ದಾನೆ; ಅದು ನಡೆಯಬೇಕಾದರೆ ಬಾಣಗಳು ಸುತ್ತಿ ಬಂದು ಹೊರಟಲ್ಲಿಗೇ ಸೇರಬಾರದು. ನಮ್ಮಲ್ಲಿ ನಕ್ಷೆಗೆ ಎಲ್ಲರ ಸಹಿ ಬೇಕು, ಸಹಿಗೆ ತಮ್ಮನ ಒಪ್ಪಿಗೆ ಬೇಕು, ಬಾವಿಯ ಕಡೆಯ ಪಾಲು ಯಾರಿಗೆಂದು ನಕ್ಷೆ ನೋಡದೆ ತಮ್ಮ ಒಪ್ಪುವುದಿಲ್ಲ. ಈ ಚಕ್ರವನ್ನು ಬಾಂಡ್ ರೈಟರ ಒಂದು ಫೋನಿನಲ್ಲಿ ಮುರಿಯುತ್ತಾನೆ. ಗಣಿತಕ್ಕೆ ಆ ಸೌಕರ್ಯವಿಲ್ಲ.

ಆದ್ದರಿಂದ ಇಲಾಖೆಗೆ ಈ ಪ್ರಬಂಧದ ವಿನಂತಿ ಇಷ್ಟೇ: ಪರದೆಯ ಮೇಲೆ ‘ಪರಿಶೀಲನೆಯಲ್ಲಿದೆ’ ಎಂದು ತೋರಿಸುವುದನ್ನು ಬಿಟ್ಟು, ಯಾರ ಯಾವ ಕಾಗದಕ್ಕಾಗಿ ಕಾಯುತ್ತಿದೆ ಎಂದು ಬರೆಯಿರಿ. ಅಲ್ಲಿ ತಮ್ಮನ ಹೆಸರೇ ಬಂದರೂ ಅಡ್ಡಿಯಿಲ್ಲ.