ನಮ್ಮ ಸೀಮೆಯ ಡ್ರಿಲ್ ಮೇಷ್ಟರು

ಹಾಸನ ಸೀಮೆಯ ಯಾವ ಪ್ರೌಢಶಾಲೆಯನ್ನಾದರೂ ಹೊಕ್ಕು ನೋಡಿ. ಗಣಿತದ ಉಪಾಧ್ಯಾಯರು ಯಾರು, ಕನ್ನಡ ಪಂಡಿತರು ಯಾರು ಎಂಬುದನ್ನು ಕೇಳಿ ತಿಳಿಯಬೇಕಾದೀತೇ ಹೊರತು, ಡ್ರಿಲ್ ಮೇಷ್ಟರು ಯಾರೆಂದು ಕೇಳುವ ಪ್ರಸಂಗವೇ ಒದಗದು. ಕೊರಳಲ್ಲಿ ಕಪ್ಪು ದಾರದ ವಿಷಲ್ಲು, ಕಾಲಲ್ಲಿ ಒಂದಾನೊಂದು ಕಾಲಕ್ಕೆ ಬಿಳಿಯದಾಗಿದ್ದ ಕ್ಯಾನ್ವಾಸ್ ಬೂಟು, ಪ್ಯಾಂಟಿನ ಜೇಬಿನ ಅಂಚಿಗೆ ಅಂಟಿದ ಸುಣ್ಣದ ಪುಡಿ, ಮೈದಾನದ ಆಚೆಯ ಬೀದಿಗೂ ಕೇಳಿಸುವ ತಮ್ಮ ಮಾತನ್ನು ಪಿಸುಮಾತೆಂದೇ ಭಾವಿಸಿರುವ ಮುಗ್ಧತೆ, ಇಷ್ಟು ಲಕ್ಷಣಗಳು ಒಂದೆಡೆ ಕೂಡಿದ್ದರೆ ಅವರೇ ಅವರು. ಸರ್ಕಾರದ ಕಡತಗಳಲ್ಲಿ ಇವರಿಗೆ ದೈಹಿಕ ಶಿಕ್ಷಣ ಶಿಕ್ಷಕರೆಂಬ ಗಂಭೀರ ನಾಮಧೇಯವುಂಟು, ಹುಡುಗರು ಪಿ.ಟಿ. ಸಾರ್ ಎನ್ನುತ್ತಾರೆ, ಆ ಹುಡುಗರ ತಾತಂದಿರಿಗೆ ಮಾತ್ರ ಅವರು ಇಂದಿಗೂ ಡ್ರಿಲ್ ಮೇಷ್ಟರೇ. ವಯೋಧರ್ಮಕ್ಕನುಸಾರವಾಗಿ ನಾನು ತಾತಂದಿರ ಪಕ್ಷ. ನಾನು ಚಿತ್ರಿಸಹೊರಟಿರುವುದು ಯಾವನೊಬ್ಬ ವ್ಯಕ್ತಿಯನ್ನಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಡುವೆ ವರ್ಗವಾಗುತ್ತ, ವರ್ಗವಾದಲ್ಲೆಲ್ಲ ಮೈದಾನದ ಕಲ್ಲುಗಳನ್ನು ಆರಿಸುತ್ತ ಆಯುಸ್ಸನ್ನು ಸವೆಸಿದ ಒಂದು ಕುಲವನ್ನು. ಬರವಣಿಗೆಯ ಅನುಕೂಲಕ್ಕಾಗಿ ಆ ಕುಲವನ್ನೆಲ್ಲ ಒಬ್ಬರಲ್ಲಿಯೇ ಕೂಡಿಸಿಕೊಂಡಿದ್ದೇನೆ.

ಕುಲವೆಂದ ಮೇಲೆ ಗುರುಪರಂಪರೆ ಇರಲೇಬೇಕಷ್ಟೆ. ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಮಹನೀಯರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣದ ಕಾಲೇಜನ್ನು ಸ್ಥಾಪಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ತೆರಳಿದ ಭಾರತದ ತಂಡವನ್ನು ಕರೆದೊಯ್ದವರೂ ಅವರೇ. ನಮ್ಮ ಮೇಷ್ಟರ ಗುರುಗಳ ಗುರುಗಳು ಬಕ್ ದೊರೆಗಳ ಕಾಲೇಜಿನಲ್ಲಿ ಕಲಿತವರಂತೆ. ಈ ಸಂಗತಿಯನ್ನು ಹೇಳುವಾಗ ಮೇಷ್ಟರು ಬೆಂಚಿನ ಮೇಲಿದ್ದವರು ಎದ್ದು ನಿಂತೇ ಹೇಳುತ್ತಾರೆ. ಆದರೆ ಪ್ಯಾರಿಸ್ಸನ್ನು ಕಂಡುಬಂದ ಆ ಮಹಾವಿದ್ಯೆಯು ಮದರಾಸು, ಮೈಸೂರುಗಳನ್ನು ಹಾದು ಹಾಸನ ಜಿಲ್ಲೆಯನ್ನು ಮುಟ್ಟುವಷ್ಟರಲ್ಲಿ ಅದರ ಉಪಕರಣಗಳೆಲ್ಲ ದಾರಿಯಲ್ಲಿಯೇ ಉದುರಿಹೋಗಿ, ಕೊನೆಗೆ ಉಳಿದದ್ದು ಒಂದು ವಿಷಲ್ಲು, ಗಾಳಿ ನಿಲ್ಲದ ಎರಡು ವಾಲಿಬಾಲು, ಒಂದು ಕಬ್ಬಿಣದ ಗುಂಡು. ಆ ಗುಂಡಾದರೂ 7.26 ಕಿಲೋ ತೂಗುವ, ಬೆಳೆದ ಗಂಡಸರು ಎಸೆಯತಕ್ಕ ಗುಂಡು. ಹದಿನೇಳರೊಳಗಿನ ಹುಡುಗರಿಗೆ ವಿಧಿಸಿರುವುದು 5 ಕಿಲೋ. ಆದಕಾರಣ ಮೇಷ್ಟರು ಕಬ್ಬಿಣದ ಗುಂಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಹೊಳೆಯ ದಡದಿಂದ ದುಂಡುಗಲ್ಲೊಂದನ್ನು ತಂದು, ನ್ಯಾಯಬೆಲೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಅದರಿಂದಲೇ ಅಭ್ಯಾಸ ಮಾಡಿಸುತ್ತಾರೆ. ಅಂಗಡಿಯ ತೂಕದಲ್ಲಿ ವ್ಯತ್ಯಾಸವಿದ್ದೀತೆಂದು ನಾನು ಸಂಶಯಪಟ್ಟಾಗ, "ಇದೆ ಸಾರ್. ಅದಕ್ಕೇ ಕಾಲು ಕೆ.ಜಿ. ಕಡಮೆ ಅಂತ ಲೆಕ್ಕ ಇಟ್ಕೊಂಡಿದೀನಿ" ಎಂದರು.

ಸಾಮಾನ್ಯರಾದ ನಾವು ಎದುರಿಗೆ ಬಂದ ಮನುಷ್ಯನ ಮುಖವನ್ನು ನೋಡಿ, ನಗಬೇಕೋ ಬೇಡವೋ ಎಂದು ನಿಶ್ಚಯಿಸುತ್ತೇವೆ. ಮೇಷ್ಟರ ದೃಷ್ಟಿ ಮೊದಲು ಹರಡಿನ ಮೇಲೆ ಬಿದ್ದು, ಮೀನಖಂಡದ ಮೂಲಕ ಮೇಲೇರಿ, ಸೊಂಟ ಭುಜಗಳ ವಿಚಾರಣೆಯನ್ನು ಮುಗಿಸಿ, ಬಿಡುವಿದ್ದರೆ ಮಾತ್ರ ಮುಖಕ್ಕೆ ಬರುತ್ತದೆ. ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಹೋರಿ ಕೊಳ್ಳಬಂದ ರೈತನು ಸುಳಿ, ಹಲ್ಲು, ನಡಿಗೆಗಳನ್ನು ಪರೀಕ್ಷಿಸುವ ಕ್ರಮಕ್ಕೂ, ಎಂಟನೆಯ ತರಗತಿಗೆ ಹೊಸದಾಗಿ ಸೇರಿದ ಮಕ್ಕಳನ್ನು ಮೇಷ್ಟರು ಪರೀಕ್ಷಿಸುವ ಕ್ರಮಕ್ಕೂ ಇರುವ ಭೇದವೆಂದರೆ, ರೈತನ ಬಳಿ ದುಡ್ಡಿರುತ್ತದೆ ಎಂಬುದೊಂದೇ. ಹೊಳೆನರಸೀಪುರದ ಛತ್ರವೊಂದರಲ್ಲಿ ಮದುವೆ. ವರನು ಎತ್ತರದ ಆಳು, ಸಾಲದುದಕ್ಕೆ ಗೆಳೆಯರು ಅವನನ್ನು ಮೇಲಕ್ಕೆತ್ತಿ ಹಿಡಿದಿದ್ದರು. ವಧುವಾದವಳು ಕಿಂಚಿತ್ತೂ ಅಳುಕದೆ, ನಿಂತಲ್ಲಿಂದಲೇ ಹಾರವನ್ನು ಬೀಸಿ ನೇರವಾಗಿ ಅವನ ಕೊರಳಿಗೆ ಬೀಳಿಸಿದಳು. ಸಭೆ ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿದ್ದ ಮೇಷ್ಟರು ಅಕ್ಷತೆಯನ್ನು ಕೈಯಲ್ಲೇ ಹಿಡಿದು ಮಮ್ಮಲ ಮರುಗಿದರು: "ಏನ್ ತೋಳು ಸಾರ್! ಎಂಟನೇ ಕ್ಲಾಸಲ್ಲಿ ನನ್ ಕೈಗೆ ಸಿಕ್ಕಿದ್ರೆ ಡಿಸ್ಕಸ್ಸಲ್ಲಿ ಸ್ಟೇಟಿಗೆ ಹೋಗೋಳು. ಎಲ್ಲಾ ಹಾಳಾಯ್ತು." ಅವರು ಪಿಸುಗುಟ್ಟಿದ್ದಾದ್ದರಿಂದ ಮಂಟಪದ ಮೇಲಿದ್ದ ಪುರೋಹಿತರೂ ತಿರುಗಿ ನೋಡಿದರು.

ಈ ದೃಷ್ಟಿಯಿಂದ ಅವರು ಜಿಲ್ಲೆಯ ಭೂಗೋಳವನ್ನೇ ಹೊಸದಾಗಿ ರಚಿಸಿಕೊಂಡಿರುವರು. ಚನ್ನರಾಯಪಟ್ಟಣವೆಂದರೆ ಭುಜ, ತೆಂಗಿನಕಾಯಿ ಸುಲಿದು ಸುಲಿದು ಆ ಕಡೆಯ ಹುಡುಗರ ಮುಂಗೈಗೆ ಬರುವ ಬಲವನ್ನು ಯಾವ ಗರಡಿಯೂ ಕೊಡಲಾರದೆಂದೂ, ಕಬಡ್ಡಿಯಲ್ಲಿ ಅವರು ಹರಡನ್ನು ಹಿಡಿದರೆ ರೇಡಿಗೆ ಹೋದವನು ಕಾಲನ್ನು ಅಲ್ಲಿಯೇ ಬಿಟ್ಟುಬರುವುದು ಲೇಸೆಂದೂ ಅವರ ಮತ. ಹೊಳೆನರಸೀಪುರವೆಂದರೆ ಉಸಿರು, ಹೇಮಾವತಿಯಲ್ಲಿ ಮುಳುಗಿ ಆಡಿದವನಿಗೆ 30 ಸೆಕೆಂಡಿನ ರೇಡು ಯಾವ ಲೆಕ್ಕ? ಅರಕಲಗೂಡೆಂದರೆ ಕಾಲು. ಮೈಸೂರಿನಿಂದ ಅರಸೀಕೆರೆಗೆ ಹೋಗುವ ರೈಲು ಹೊಳೆನರಸೀಪುರವನ್ನೂ, ಬೆಂಗಳೂರಿನಿಂದ ಹಾಸನಕ್ಕೆ ಬರುವ ರೈಲು ಚನ್ನರಾಯಪಟ್ಟಣವನ್ನೂ ಹಾದುಹೋಗುತ್ತವೆ. ಅರಕಲಗೂಡಿಗೆ ಮಾತ್ರ ರೈಲಿಲ್ಲ. ಊರಿನ ಹಿರಿಯರು ಇದನ್ನು ಅನ್ಯಾಯವೆಂದು ಬಗೆದರೆ, ಮೇಷ್ಟರು ದೈವಕೃಪೆಯೆಂದು ತಿಳಿದಿದ್ದಾರೆ: "ರೈಲು ಬಂತೂ ಅಂದ್ರೆ ಹುಡುಗ್ರು ತೊಡೆ ಕೆಡ್ತು ಅಂತ್ಲೇ ಲೆಕ್ಕ." ಹಾಸನ ಪಟ್ಟಣದ ಮಕ್ಕಳ ವಿಶೇಷ ಶಕ್ತಿ ಯಾವುದೆಂದು ಕೇಳಿದೆ. ಸ್ವಲ್ಪ ಯೋಚಿಸಿ, "ಅವ್ರ ಅಪ್ಪಂದಿರು ಅರ್ಜಿ ಚೆನ್ನಾಗಿ ಬರೀತಾರೆ" ಎಂದರು. ಕ್ರಿಕೆಟ್ಟೆಂದರೆ ಇವರಿಗೆ ಆಗದು. ಹನ್ನೊಂದು ಜನ ನಿಂತುಕೊಳ್ಳುವುದಕ್ಕಾಗಿ ಊರಿನ ಮೈದಾನವೆಲ್ಲ ಬೇಕೆನ್ನುವ ಸೋಮಾರಿಗಳ ಆಟವೆಂದು ಅವರ ತಾತ್ಪರ್ಯ. ಆದರೂ 1996ರಲ್ಲಿ ದೆಹಲಿಯ ಟೆಸ್ಟಿನಲ್ಲಿ ಆಸ್ಟ್ರೇಲಿಯದ ವಿರುದ್ಧ, ಗಾಯಗೊಂಡ ಜಾವಗಲ್ ಶ್ರೀನಾಥರ ಸ್ಥಾನದಲ್ಲಿ ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ ಆಡಿದ್ದನ್ನು ನೆನೆದರೆ ಅವರ ಎದೆ ಉಬ್ಬುತ್ತದೆ. ಜಾವಗಲ್ಲು ಇರುವುದು ಅರಸೀಕೆರೆ ತಾಲ್ಲೂಕಿನಲ್ಲಿ. ಸೀಟು ತಾಲ್ಲೂಕು ಬಿಟ್ಟು ಹೋಗಲಿಲ್ಲವೆಂಬುದೇ ಅವರ ಸಂತೋಷ. ಶ್ರೀನಾಥರು ಹುಟ್ಟಿದ್ದು ಮೈಸೂರಿನಲ್ಲಿ ಎಂದು ಯಾರಾದರೂ ಸೂಚಿಸಿದರೆ ಮೇಷ್ಟರಿಗೆ ಆ ಕ್ಷಣವೇ ಬೇರೆಲ್ಲಿಯೋ ಕೆಲಸ ಬೀಳುತ್ತದೆ.

ಶಾಲೆಯ ಪ್ರವಾಸವು ಶ್ರವಣಬೆಳಗೊಳಕ್ಕೆ ಹೋದಾಗ, ಚರಿತ್ರೆಯ ಉಪಾಧ್ಯಾಯರು ಚಾವುಂಡರಾಯನ ವಿಷಯವನ್ನು ಹೇಳಿ ಮುಗಿಸುವವರೆಗೂ ಸೈರಣೆಯಿಂದ ಕಾದಿದ್ದು, ಅನಂತರ ಮೇಷ್ಟರು 58 ಅಡಿಯ ಗೊಮ್ಮಟನತ್ತ ಕೈ ತೋರಿ ಗರ್ಜಿಸಿದರು: "ನೋಡ್ರೋ, ಸಾವಧಾನ್ ಅಂದ್ರೆ ಹಿಂಗ್ ನಿಲ್ಬೇಕು! ಸಾವಿರ ವರ್ಷದಿಂದ ಅಳ್ಳಾಡಿಲ್ಲ. ನಿಮ್ಗೆ ಜನಗಣಮನ ಮುಗಿಯೋವರ್ಗೂ ನಿಲ್ಲಕ್ಕಾಗಲ್ಲ!" ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಜಯಿಸಿ, ಜಯಿಸಿದ್ದನ್ನು ತೃಣವೆಂದು ಬಿಸುಟು ಬಾಹುಬಲಿಯು ತಪಸ್ಸಿಗೆ ಹೊರಟುಹೋದ ವೃತ್ತಾಂತವನ್ನು ಪಂಪನು 941ರಲ್ಲಿ ಆದಿಪುರಾಣದಲ್ಲಿ ತ್ಯಾಗದ ಪರಾಕಾಷ್ಠೆಯಾಗಿ ಕಂಡರಿಸಿದ್ದಾನೆ, ಮೇಷ್ಟರಿಗಾದರೋ ಅದು ಮೂರು ಈವೆಂಟುಗಳಲ್ಲಿ ಮೊದಲ ಸ್ಥಾನ ಪಡೆದು, ವೈಯಕ್ತಿಕ ಚಾಂಪಿಯನ್‌ಷಿಪ್ಪಿನ ಕಪ್ಪನ್ನು ಸ್ವೀಕರಿಸದೆ, ಬಹುಮಾನ ವಿತರಣೆಗೆ ಗೈರುಹಾಜರಾದ ಒಂದು ಅಶಿಸ್ತಿನ ಪ್ರಕರಣ.

ಇಂಥವರಿಗೆ ವೈರಿಗಳು ಇರುವುದು ಸಹಜ. ಗಣಿತದ ಉಪಾಧ್ಯಾಯರು ಪರೀಕ್ಷೆಯ ನೆಪದಲ್ಲಿ ಪಿ.ಟಿ. ಪೀರಿಯಡ್ಡನ್ನು ಸಾಲವಾಗಿ ಪಡೆದು ಇಂದಿಗೂ ತೀರಿಸಿಲ್ಲ. ಆದರೆ ಪರಮವೈರಿಯೆಂದರೆ ಬೆಳೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಮಕ್ಕಳು ಹತ್ತಬೇಕಾದ ಮಳೆಗಾಲದ ತಿಂಗಳುಗಳಲ್ಲಿಯೇ ಹಾಸನದ ಸುತ್ತ ಆಲೂಗೆಡ್ಡೆ ಕೀಳುವ ಕೆಲಸ, ಅರಕಲಗೂಡಿನ ಕಡೆ ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸುವ ಕೆಲಸ. ಸೋಮವಾರ ಹದಿನಾಲ್ಕು ಜನರಿದ್ದ ಖೋ ಖೋ ತಂಡದಲ್ಲಿ ಬುಧವಾರ ಓಡಿಸುವವರೂ ಇಲ್ಲ, ಕೂರುವವರೂ ಇಲ್ಲ. ಮೇಷ್ಟರು ವಿಷಲ್ಲನ್ನು ಅಂಗಿಯೊಳಗೆ ಸೇರಿಸಿ ಹೊಲಕ್ಕೇ ನಡೆಯುತ್ತಾರೆ. ಮೂಟೆ ಹೊತ್ತು ಬರುವ ತಮ್ಮ ಆಟಗಾರನನ್ನು ಬದುವಿನ ಮೇಲೆ ಕಂಡು ಮೊದಲು ಬಯ್ಯುತ್ತಾರೆ; ಆಮೇಲೆ ಅವನ ಬೆನ್ನಿನ ನೇರವನ್ನು ನೋಡಿ ತಣ್ಣಗಾಗಿ, "ಮೂಟೆ ಎಡಗಡೆಗೂ ಹೊರು ಕಣ್ಲಾ, ಒಂದೇ ಭುಜ ಬೆಳೀತದೆ" ಎಂದು ಹೇಳಿ ಹಿಂದಿರುಗುತ್ತಾರೆ.

ತಾಲ್ಲೂಕು ಕ್ರೀಡಾಕೂಟದ ದಿನ ಮೇಷ್ಟರು ಓಟಕ್ಕಿಂತ ಹೆಚ್ಚಾಗಿ ಗಲ್ಲಗಳನ್ನು ನೋಡುತ್ತಾರೆ. ಹದಿನಾಲ್ಕರೊಳಗಿನವರ ಓಟಕ್ಕೆ ಬೆಳಗ್ಗೆ ತಾನೇ ಕ್ಷೌರ ಮಾಡಿಕೊಂಡ ಬಾಲಕನೊಬ್ಬನು ಬಂದು ನಿಂತರೆ ಅವರು ಕೆರಳುವ ರೀತಿಯೇ ಬೇರೆ. "ಇವನ್ ಮಗು ಯಾವ್ ಸ್ಕೂಲಲ್ ಓದ್ತಾ ಐತೆ ಕೇಳಿ ಸಾರ್!" ಎಂದು ತೀರ್ಪುಗಾರರ ಮೇಜಿಗೆ ಧಾವಿಸುವರು. ಇದನ್ನು ಕೇವಲ ಜಗಳಗಂಟತನವೆಂದು ನಾನು ಬಹುಕಾಲ ತಿಳಿದಿದ್ದೆ. ಆದರೆ ಇವರ ವಿದ್ಯೆಯ ತಿರುಳು ಇರುವುದು ಅಲ್ಲಿಯೇ. ಹದಿಮೂರಕ್ಕೇ ಮೈ ತುಂಬಿಕೊಂಡ ಹುಡುಗನು ಆ ವರ್ಷದ ಪದಕಗಳನ್ನೆಲ್ಲ ಬಾಚಿಕೊಳ್ಳುತ್ತಾನೆ. ಅವನನ್ನು ಗೆಲ್ಲಿಸಿದ್ದು ಅಭ್ಯಾಸವಲ್ಲ, ಮೊದಲೇ ಬಂದ ಪ್ರಾಯ. ಹದಿನೇಳರ ವೇಳೆಗೆ ಉಳಿದವರೂ ಬೆಳೆದು ಸರಿಸಮರಾದಾಗ, ಸೋಲುವುದನ್ನೇ ಕಲಿಯದ ಅವನು ಆಟವನ್ನು ಬಿಟ್ಟು ಮನೆಯಲ್ಲಿ ಕುಳಿತುಕೊಳ್ಳುತ್ತಾನೆ. ಅಂದು ಆರನೆಯವನಾಗಿ ಬಂದ ಮೊಳಕಾಲಿನ ಪೋರನು ಅಷ್ಟು ಹೊತ್ತಿಗೆ, ಯಾರೂ ಬೆನ್ನು ತಟ್ಟದ್ದರಿಂದ, ಎಂದೋ ಮನೆ ಸೇರಿರುತ್ತಾನೆ. ಮೇಷ್ಟರ ಕಣ್ಣಿರುವುದು ಈ ಆರನೆಯವನ ಮೇಲೆ. ಮಕ್ಕಳನ್ನು ಹತ್ತನೆಯ ತರಗತಿಗೆ ಬರುವವರೆಗೆ ಒಂದೇ ಆಟಕ್ಕೆ ಕಟ್ಟಿಹಾಕಬಾರದು, ಖೋ ಖೋ ಆಡಿದವನ ಕಾಲು ತಿರುಗುವುದನ್ನು ಕಲಿಯುತ್ತದೆ, ಮರ ಹತ್ತಿದವನ ಬೆರಳು ಹಿಡಿಯುವುದನ್ನು ಕಲಿಯುತ್ತದೆ, ಎಲ್ಲವೂ ಕೂಡಿ ಬಂದ ಮೇಲೆ ಈವೆಂಟು ತಾನಾಗಿಯೇ ಹುಡುಗನನ್ನು ಹುಡುಕಿಕೊಂಡು ಬರುತ್ತದೆ ಎಂದು ಅವರ ಸಿದ್ಧಾಂತ. ಇದನ್ನೇ ದೊಡ್ಡ ದೊಡ್ಡ ಊರುಗಳಲ್ಲಿ ಶುಲ್ಕ ತೆಗೆದುಕೊಂಡು ಹೇಳುತ್ತಾರೆಂದು ಕೇಳಿದ್ದೇನೆ.

ಕೊಣನೂರಿನ ಕಡೆಯ ಹಳ್ಳಿಯೊಂದರಲ್ಲಿ ಅಂಥ ಆರನೆಯವಳೊಬ್ಬಳನ್ನು ಕಂಡುಹಿಡಿದು, ಅವಳ ತಂದೆಯನ್ನು ಒಪ್ಪಿಸಲು ಮೇಷ್ಟರು ಹೊರಟಾಗ ಕುತೂಹಲದಿಂದ ನಾನೂ ಜೊತೆಗೆ ಹೋದೆ. ಜಗಲಿಯ ಮೇಲೆ ಕುಳಿತಿದ್ದ ಗೌಡರು ಮಜ್ಜಿಗೆ ತರಿಸಿಕೊಟ್ಟು, ಎಲ್ಲವನ್ನೂ ಸಾವಧಾನವಾಗಿ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದರು:

"ಅಲ್ಲ ಮೇಷ್ಟ್ರೇ, ಇವ್ಳು ಓಡಿ ಓಡಿ ಎಲ್ಲಿಗೋಗ್ಬೇಕು?"

"ಮೊದ್ಲು ಹಾಸನಕ್ಕೆ ಗೌಡ್ರೇ, ಅಲ್ಲಿ ಗೆದ್ರೆ ವಿಭಾಗಕ್ಕೆ, ಆಮೇಲೆ ಬೆಂಗ್ಳೂರಿಗೆ."

"ಅಲ್ಲಿಗೆಲ್ಲ ಬಸ್ಸೈತಲ್ಲ! ಅದೂ ಹೆಣ್ಮಕ್ಳಿಗೆ ಈಗ ಪುಕ್ಸಟ್ಟೆ!"

ಬಕ್ ದೊರೆಗಳ ಕಾಲೇಜಿನಲ್ಲಿ ಈ ಪೂರ್ವಪಕ್ಷಕ್ಕೆ ಸಮಾಧಾನವನ್ನು ಕಲಿಸಿರಲಾರರು. ಮೇಷ್ಟರು ಮಜ್ಜಿಗೆಯನ್ನು ಕುಡಿದು ಮುಗಿಸಿ, ರೈಲ್ವೆಯಲ್ಲಿಯೂ ಪೊಲೀಸಿನಲ್ಲಿಯೂ ಕ್ರೀಡಾಪಟುಗಳಿಗೆ ಮೀಸಲಾದ ಹುದ್ದೆಗಳುಂಟೆಂಬ ಬ್ರಹ್ಮಾಸ್ತ್ರವನ್ನು ಹೊರತೆಗೆದರು. ಗೌಡರು ಮೆತ್ತಗಾದರು. ಆದರೆ ಹುಡುಗಿಗೆ ಬೂಟು ಕೊಡಿಸಬೇಕಾದೀತೆಂಬ ಮಾತು ಬಂದಾಗ ಪುನಃ ಗಟ್ಟಿಯಾದರು. ಬೂಟನ್ನು ಕೊಡಿಸಿದವರು ಮೇಷ್ಟರೇ.

ಮಕ್ಕಳಿಗೆ ಅವರು ಮಾಡುವ ಉಪದೇಶವೆಂದರೆ ಒಂದೇ ಕಥೆ: 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸಿನ ಕಂಚನ್ನು ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಕಳೆದುಕೊಂಡ ಕಥೆ. "ಎದೆ ಮುಂದಕ್ ಹಾಕ್ರೋ, ಎದೆ!" ಎಂದು ಆ ಕಥೆಯನ್ನು ಅವರು ಅಭಿನಯದೊಡನೆ ಮುಗಿಸುವಾಗ ಗೆರೆಯ ಮೇಲೆ ಬೀಳದೆ ಉಳಿದದ್ದು ಅಪರೂಪ. ಅದನ್ನು ಕೇಳಿ ಕೇಳಿ ಶಾಲೆಯ ಅರ್ಧ ಮಕ್ಕಳು, ಆಕೆಯ ಹೆಸರಿನ ಹಿಂದಿರುವ ಪಿ.ಟಿ. ತಮ್ಮ ಪಿ.ಟಿ. ಪೀರಿಯಡ್ಡಿನದೇ ಎಂದು ನಂಬಿದ್ದಾರೆ. ಮೇಷ್ಟರು ತಿದ್ದಲು ಹೋಗಿಲ್ಲ. ತಿದ್ದುವುದು ಕನ್ನಡ ಪಂಡಿತರ ಇಲಾಖೆಯಂತೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ಪು ನಡೆದು, ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿ ಗೆದ್ದಾಗ, ಆ ತಂಡದಲ್ಲಿ ಕುರುಬೂರಿನ ಚೈತ್ರಾ ಇದ್ದರಷ್ಟೆ. ಕುರುಬೂರು ಇರುವುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ. ಹೊಳೆನರಸೀಪುರದ ಟೀ ಅಂಗಡಿಯಲ್ಲಿ ಯಾರೋ ಆತುರಗಾರರು "ನರಸೀಪುರದ ಹುಡುಗಿ" ಎಂದಷ್ಟೇ ಕೇಳಿಸಿಕೊಂಡು, ಓಡಿಬಂದು ಮೇಷ್ಟರ ಕೈ ಕುಲುಕಿದರು. ಮೇಷ್ಟರು ಗಂಭೀರವಾಗಿ, "ಎಲ್ಲಾ ಮಕ್ಳ ಶ್ರಮ" ಎಂದುಬಿಟ್ಟರು. ಸುಳ್ಳೇನೂ ಅಲ್ಲ. ಆ ವಾರವೆಲ್ಲ ಅವರು ಟೀಗೆ ಕಾಸು ಕೊಡಲಿಲ್ಲವೆಂದು ಅಂಗಡಿಯವನೇ ನನಗೆ ಹೇಳಿದ್ದಾನೆ.

ಇಷ್ಟು ಪಾಡುಪಟ್ಟು ಬೆಳೆಸಿದ ಶಿಷ್ಯರಾದರೂ ಇವರಲ್ಲಿ ನಿಲ್ಲುವರೆ? ಕೈಗೆ ಬಂದ ಹುಡುಗನನ್ನು ಕ್ರೀಡಾ ವಸತಿ ನಿಲಯದವರು ಆರಿಸಿಕೊಂಡು ಹೋಗುತ್ತಾರೆ. ಮೇಷ್ಟರು ಎಷ್ಟು ಚೆನ್ನಾಗಿ ಕಲಿಸಿದರೆ ಅಷ್ಟು ಬೇಗ ಅವನನ್ನು ಕಳೆದುಕೊಳ್ಳುವರು. ಮುಂದೆ ಅವನು ಪದಕ ಗೆದ್ದಾಗ ಪತ್ರಿಕೆಯಲ್ಲಿ ಬರುವುದು ಬೆಂಗಳೂರಿನ ತರಬೇತುದಾರರ ಭಾವಚಿತ್ರ. ದ್ರೋಣಾಚಾರ್ಯ ಪ್ರಶಸ್ತಿಯನ್ನು 1985ರಲ್ಲಿ ಸ್ಥಾಪಿಸಿದಾಗ ಮೊದಲ ಸರತಿಯಲ್ಲೇ ಅದನ್ನು ಪಡೆದ ಉಷಾರ ಗುರು ನಂಬಿಯಾರರ ಬಗ್ಗೆ ಮೇಷ್ಟರಿಗೆ ಅಪಾರ ಗೌರವ, ಅದಕ್ಕಿಂತ ಮಿಗಿಲಾದ ಅಸೂಯೆ: "ಶಿಷ್ಯೆ ಜೊತೇಲೇ ಉಳಿದ್ಲಲ್ಲ ಸಾರ್, ಅದು ಪುಣ್ಯ." ಇಷ್ಟು ಹೇಳಿ, ಮರುಕ್ಷಣವೇ ವಿಷಲ್ ಊದಿ, ಗೇಟಿನ ಬಳಿ ಐಸ್ ಕ್ಯಾಂಡಿ ಚೀಪುತ್ತಿದ್ದ ಏಳನೆಯ ತರಗತಿಯ ಪೋರನನ್ನು ಕರೆದು, ಅವನ ಹರಡನ್ನು ಪರೀಕ್ಷಿಸತೊಡಗಿದರು.

ಹೀಗೆ ಅವರನ್ನು ದೂರದಿಂದ ನೋಡಿ ವಿನೋದಪಡುತ್ತಿದ್ದ ನಾನು ಈಚೆಗೆ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ, ಹೊರಟುಹೋಗುತ್ತಿದ್ದ ಹಾಸನದ ಬಸ್ಸನ್ನು ಹಿಡಿಯಲು ನಾಲ್ಕು ಹೆಜ್ಜೆ ಬಿರುಸಾಗಿ ಹಾಕಿದ್ದೇ ಅನರ್ಥಕ್ಕೆ ಕಾರಣವಾಯಿತು. ಹಿಂದಿನಿಂದ ವಿಷಲ್ಲು ಕೇಳಿಸಿತು. ಅದು ಕಂಡಕ್ಟರನದೆಂದು ತಿಳಿದು ಬಸ್ಸು ಹೊರಟೇಹೋಯಿತು. ತಿರುಗಿ ನೋಡುತ್ತೇನೆ, ಮೇಷ್ಟರು. ಅವರ ದೃಷ್ಟಿ ನನ್ನ ಮೊಣಕಾಲಿನ ಮೇಲೆ ಕೀಲಿಸಿತ್ತು. ಹಿರಿಯರ ಕ್ರೀಡಾಕೂಟವೊಂದಿದೆಯೆಂದೂ, 65 ದಾಟಿದವರ ನಡಿಗೆಯ ಸ್ಪರ್ಧೆಗೆ ಜಿಲ್ಲೆಯಿಂದ ಇದುವರೆಗೆ ಯಾರೂ ಹೆಸರು ಕೊಟ್ಟಿಲ್ಲವಾದ್ದರಿಂದ ಬಿದ್ದರೂ ಎದ್ದರೂ ಪದಕ ನಿಶ್ಚಯವೆಂದೂ ಹೇಳುತ್ತ, ಜೇಬಿನಿಂದ ಸುಣ್ಣ ಮೆತ್ತಿದ ಫಾರಮ್ಮೊಂದನ್ನು ತೆಗೆದರು. ನನಗೆ ಅಷ್ಟು ವಯಸ್ಸಾಗಿಲ್ಲವೆಂದು ನಾನು ಪ್ರತಿಭಟಿಸಿದೆ. ಮೇಷ್ಟರು ಪ್ರಥಮತಃ ನನ್ನ ಮುಖವನ್ನು ನೋಡಿದರು, ತಲೆಗೂದಲನ್ನು ನೋಡಿದರು, ಸುತ್ತಮುತ್ತ ಯಾರೂ ಇಲ್ಲವೆಂಬುದನ್ನೂ ನೋಡಿದರು, ಅನಂತರ, ಇಡೀ ನಿಲ್ದಾಣವೇ ತಿರುಗಿ ನೋಡುವಂತೆ ಪಿಸುಗುಟ್ಟಿದರು: "ಎರಡು ವರ್ಷ ಜಾಸ್ತಿ ಹಾಕೋಣ ಬಿಡಿ ಸಾರ್, ನಿಮ್ಮನ್ ನೋಡಿದ್ರೆ ಯಾರೂ ಅಬ್ಜೆಕ್ಷನ್ ಮಾಡಲ್ಲ."