ಬೊಂಬಾಯಿ ಟೈಮಿನ ಭಾವ

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ಒಬ್ಬೊಬ್ಬ ಗಡಿಯಾರ ಭಾವ ಇದ್ದೇ ಇರುತ್ತಾನೆ. ಎಂಥ ಸೆಕೆಯಲ್ಲೂ ಜಾಕೀಟು ಬಿಡುವವನಲ್ಲ. ಬಿಟ್ಟರೆ ಚೈನು ನೇತುಹಾಕುವುದೆಲ್ಲಿ? ಅವನ ಹತ್ತಿರ ಏನು ಬೇಕಾದರೂ ಕೇಳಿ, ಟೈಮ್ ಎಷ್ಟಾಯಿತು ಅಂತ ಮಾತ್ರ ಕೇಳಬೇಡಿ. ಬಸ್ಸು ತಪ್ಪುತ್ತದೆ.

ಕೇಳಿದಿರೋ, ಜೇಬಿನಿಂದ ಚೈನು ಮೇಲೆ ಬರುತ್ತದೆ. ತಲೆ ಒತ್ತಿದರೆ ಮುಚ್ಚಳ ಟಕ್ಕನೆ ಹಾರುತ್ತದೆ. ಮುಳ್ಳು ನೋಡುವಷ್ಟರಲ್ಲಿ ಅದನ್ನು ಮಗುಚಿ, ಉಗುರು ತೂರಿಸಿ ಹಿಂದಿನ ಮುಚ್ಚಳ ಎಬ್ಬಿಸುತ್ತಾನೆ. ಅದರೊಳಗಿನ ತೆಳು ಮುಚ್ಚಳವನ್ನೂ ಎಬ್ಬಿಸುತ್ತಾನೆ. ಚಕ್ರಕ್ಕೆ ಉಸಿರು ತಾಗೀತೆಂದು ನಮ್ಮ ಮೂಗನ್ನು ಬೆರಳಲ್ಲಿ ಆಚೆ ಸರಿಸಿ ಕಥೆ ಶುರುಮಾಡುತ್ತಾನೆ.

ಕಥೆ ಸುಳ್ಳಲ್ಲ. 1862ರಲ್ಲಿ ಜಿಲ್ಲೆ ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿತು. ಅತ್ತ ಅಮೆರಿಕದಲ್ಲಿ ಅಂತರ್ಯುದ್ಧ, ಇತ್ತ ಹತ್ತಿಗೆ ಬಂಗಾರದ ಬೆಲೆ. ಧಾರವಾಡ ಸೀಮೆಯ ಅರಳೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಬೊಂಬಾಯಿಗೆ ಹೋಯಿತು. ಆ ಹಡಗು ವಾಪಸು ಬರುವಾಗ ತನ್ನ ಗಡಿಯಾರವನ್ನೂ ಹೊತ್ತು ತಂದಿತು ಎಂಬುದು ಮಾತ್ರ ಭಾವನ ಸ್ವಂತ ಸೇರ್ಪಡೆ.

ಭಟ್ಕಳದಲ್ಲಿ ದುಬೈಯಿಂದ ಬಂದವರು ಹೊಸ ಬಂಗಾರ ತೋರಿಸಿದರೆ, ಭಾವನ ಕಣ್ಣು ಅಟ್ಟದ ಮೇಲಿನ ಅಜ್ಜನ ಪೆಟ್ಟಿಗೆಯತ್ತ. ಹಾಗೆ ಗಿಟ್ಟಿಸಿದ್ದೊಂದನ್ನು ಹೊನ್ನಾವರದ ಅಕ್ಕಸಾಲಿಯ ಮುಂದೆ ಇಟ್ಟ. ಒಳಮುಚ್ಚಳದಲ್ಲಿ ‘ವಾರಂಟೆಡ್ 20 ಇಯರ್ಸ್’ ಎಂದು ಕೆತ್ತಿತ್ತು.

‘ನೋಡಿ, ಇಪ್ಪತ್ತು ವರ್ಷದ ವಾರಂಟಿ! ಎಂಥ ಬಂಗಾರ ಇರಬೇಕು!’

ಅಕ್ಕಸಾಲಿ ಒರೆಗಲ್ಲು ತೆಗೆಯಲೂ ಇಲ್ಲ. ‘ಭಟ್ರೇ, ನಿಮ್ಮ ಮದುವೆ ಉಂಗುರಕ್ಕೆ ನಾನು ವಾರಂಟಿ ಬರೆದು ಕೊಟ್ಟಿದ್ದೆನಾ? ಇದು ಹಿತ್ತಾಳೆ, ಮೇಲೆ ಬಂಗಾರದ ತಗಡು. ತಗಡು ಸವೆಯದೆ ಇಪ್ಪತ್ತು ವರ್ಷ ಬಾಳುತ್ತದೆ ಅಂತ ಕಂಪನಿಯವನು ಬರೆದದ್ದು.’

ಭಾವ ಕುಗ್ಗಲಿಲ್ಲ. ‘ಇಪ್ಪತ್ತು ಅಂದದ್ದು ನೂರು ಬಾಳಿದೆಯಲ್ಲ! ಅಸಲಿ ಬಂಗಾರದ್ದರಲ್ಲಿ ಈ ನಿಯತ್ತು ಎಲ್ಲಿದೆ?’

ಇಷ್ಟೆಲ್ಲ ಇದ್ದರೂ ಕೋರ್ಟಿನ ವಾಯಿದೆಗೆ ಹೋಗುವ ದಿನ ಕೈಗೆ ಎಚ್‌ಎಂಟಿ ಕಟ್ಟುತ್ತಾನೆ. ಏಕೆಂದರೆ ಜೇಬಿನದು ಯಾವತ್ತೂ ಮುಕ್ಕಾಲು ತಾಸು ಹಿಂದೆ. ಅದನ್ನು ಎತ್ತಿ ಆಡಿದರೆ ಸಿಟ್ಟು.

‘ಹಿಂದೆ ಇಲ್ಲೆ ಮಾರಾಯ, ಇದು ಬೊಂಬಾಯಿ ಟೈಮು!’

ಇದಕ್ಕೂ ಇತಿಹಾಸದ ಆಸರೆ ಉಂಟು. 1906ರಲ್ಲಿ ದೇಶಕ್ಕೆಲ್ಲ ಒಂದೇ ಟೈಮ್ ಬಂದರೂ ಬೊಂಬಾಯಿ ಪಟ್ಟಣ 39 ನಿಮಿಷ ಹಿಂದಿದ್ದ ತನ್ನದನ್ನು 1955ರವರೆಗೆ ಬಿಟ್ಟುಕೊಡಲಿಲ್ಲ. ಉಳಿದ ಐದಾರು ನಿಮಿಷ ಎಣ್ಣೆ ಕಾಣದ ಚಕ್ರದ್ದು. ಒಳಗಿನಿಂದ ಅಕ್ಕ ಕೇಳಿಸುವಂತೆಯೇ ಹೇಳಿದಳು: ‘ಹಂಗಾರೆ ಇವತ್ತಿಂದ ಆಸ್ರಿಗೆಯೂ ಬೊಂಬಾಯಿ ಟೈಮಿಗೇ ಕೊಡ್ತಿ.’

ಕಳೆದ ಮಳೆಗಾಲದಲ್ಲಿ ಭಾವನ ಮಗಳು, ಅಳಿಯ ಮುಂಬೈಯಿಂದ ಬರುವವರಿದ್ದರು. ಅಂದೂ ಭಾವ ಜೇಬಿನ ಗಡಿಯಾರ ನಂಬಿಕೊಂಡೇ ಕುಮಟಾ ಸ್ಟೇಷನ್ನಿಗೆ ಹೊರಟ. ದಾರಿಯುದ್ದಕ್ಕೂ ಅಕ್ಕನ ಮಂಗಳಾರತಿ. ಇಬ್ಬರೂ ಪ್ಲಾಟ್‌ಫಾರ್ಮಿಗೆ ಕಾಲಿಡುವುದಕ್ಕೂ, ಮಳೆಯಿಂದ ತಡವಾದ ರೈಲು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಭಾವ ಮುಚ್ಚಳ ಹಾರಿಸಿ ಗಡಿಯಾರವನ್ನು ಅಕ್ಕನ ಮುಖಕ್ಕೆ ಹಿಡಿದ. ‘ನೋಡು! ರೈಲು ಬಪ್ದು ಎಲ್ಲಿಂದ? ಬೊಂಬಾಯಿಂದ!’