ರಸ್ತೆಬದಿಯ ಬಗರ್‌ಹುಕುಂ

ತೆಂಗಿನ ಸಸಿ ನೆಡುವಾಗ ನಮ್ಮ ಕಡೆ ಯಾರೂ ಜಿಪುಣತನ ಮಾಡುವುದಿಲ್ಲ. ಸಸಿಯಿಂದ ಸಸಿಗೆ 30 ಅಡಿ ಎಂದರೆ 30 ಅಡಿ. ಹಾಗೆ ಹಾಕಿದರೆ ಎಕರೆಗೆ 48 ಮರ, ಮರವೊಂದಕ್ಕೆ 900 ಚದರಡಿ ನೆಲ. ಕಾರಿಗೆ ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದದ ಜಾಗ ಸಾಕೆಂದು ಇಂಜಿನಿಯರುಗಳು ಹೇಳುತ್ತಾರೆ. ಅಂದರೆ ಒಂದು ಮರ ತನ್ನದೆಂದು ಹಿಡಿದುಕೊಂಡ ಜಾಗದಲ್ಲಿ ಲೆಕ್ಕದ ಪ್ರಕಾರ ಆರು ಕಾರು ನಿಲ್ಲಬಹುದು. ತೋಟದಲ್ಲಿ ಇಷ್ಟು ಧಾರಾಳಿಗಳಾದ ನಾವು ತಿಪಟೂರಿನ ಬಿ.ಎಚ್. ರಸ್ತೆಗೆ ಇಳಿದ ಕೂಡಲೇ ಇನ್ನೊಬ್ಬರ ಸ್ಕೂಟರಿಗೂ ಜಾಗ ಬಿಡದವರಾಗುತ್ತೇವೆ.

ಬಿ.ಎಚ್. ಎಂದರೆ ಬೆಂಗಳೂರು–ಹೊನ್ನಾವರ. ಹಳೆಯ ಲೆಕ್ಕದಲ್ಲಿ ರಾಷ್ಟ್ರೀಯ ಹೆದ್ದಾರಿ 206. ಬೆಂಗಳೂರಿನಿಂದ 140 ಕಿಲೋಮೀಟರ್ ಕಾರು ಓಡಿಸಿಕೊಂಡು ಬರುವುದು ಏನೂ ಅಲ್ಲ. ಬಂದ ಕಾರನ್ನು ನಿಲ್ಲಿಸುವುದೇ ಪ್ರಯಾಣ. ಅದರಲ್ಲೂ ಕೊಬ್ಬರಿ ಹರಾಜಿನ ದಿನವಾದರೆ ಮುಗಿಯಿತು. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು ಕಡೆಯಿಂದ ಟ್ರ್ಯಾಕ್ಟರು, ಟೆಂಪೋ, ಲಗೇಜ್ ಆಟೋಗಳು ಚೀಲ ಹೇರಿಕೊಂಡು ಎಪಿಎಂಸಿ ಕಡೆ ತಿರುಗುತ್ತವೆ. ಉತ್ತರ ಭಾರತಕ್ಕೆ ಕೊಬ್ಬರಿ ಒಯ್ಯುವ ಲಾರಿಗಳು ಊರಿನ ಅಳಿಯಂದಿರಂತೆ ಎಲ್ಲಿ ಬೇಕೋ ಅಲ್ಲಿ ಕಾಲು ಚಾಚಿರುತ್ತವೆ. ಅಷ್ಟರ ನಡುವೆ ನಮ್ಮದೊಂದು ಪುಟ್ಟ ಕಾರು, ಅದರೊಳಗೆ ನಾನು, ಹೆಂಡತಿ, ಬೆಂಗಳೂರಿನ ನಮ್ಮ ಷಡ್ಡಕ.

ಜಾಗ ಇಲ್ಲವೆಂದಲ್ಲ. ಜಾಗ ಇದೆ, ಆದರೆ ಎಲ್ಲವೂ ಸಾಗುವಳಿಯಲ್ಲಿದೆ. ಬೇಕರಿ ಮುಂದೆ ಎರಡು ಸೈಜುಗಲ್ಲು. ಹಾರ್ಡ್‌ವೇರ್ ಅಂಗಡಿ ಮುಂದೆ ಬಣ್ಣದ ಡಬ್ಬಕ್ಕೆ ಸಿಮೆಂಟು ಸುರಿದು ಪೈಪು ನಿಲ್ಲಿಸಿದ್ದಾರೆ. ಬಟ್ಟೆ ಅಂಗಡಿಯವರು ಬೊಂಬೆಯನ್ನೇ ತಂದು ರಸ್ತೆಗೆ ನಿಲ್ಲಿಸಿದ್ದಾರೆ. ಸೀರೆ ಉಟ್ಟ ಹೆಂಗಸಿನ ಮೇಲೆ ಕಾರು ಹತ್ತಿಸುವ ಧೈರ್ಯ ಯಾರಿಗಿದೆ? ಇನ್ನೇನೂ ಸಿಗದವರು ಹಸಿ ತೆಂಗಿನ ಗರಿ ಎಳೆದು ಅಡ್ಡ ಹಾಕಿದ್ದಾರೆ. ಗೇಟುಗಳ ಮೇಲೆ ಮೊದಲು ‘ದಯವಿಟ್ಟು’ ಎಂದು ಶುರುವಾಗಿ ‘ಗಾಳಿ ತೆಗೆಯಲಾಗುವುದು’ ಎಂದು ಮುಗಿಯುವ ಬೋರ್ಡುಗಳು.

ಹೊರಗಿನವರು ಇದನ್ನು ದೌರ್ಜನ್ಯ ಎನ್ನಬಹುದು. ಭೂಮಿ ಕಾಣದವರ ಮಾತು ಅದು. ನಮ್ಮ ಸೀಮೆಯವರಿಗೆ ಇದು ಬಗರ್‌ಹುಕುಂ. ಸರ್ಕಾರದ ಜಾಗ ಖಾಲಿ ಬಿದ್ದಿತ್ತು, ನಾವು ಹಸನು ಮಾಡಿಕೊಂಡೆವು, ಬಾಂದುಗಲ್ಲು ಹಾಕಿಕೊಂಡೆವು, ವರ್ಷಗಟ್ಟಲೆ ಅನುಭವದಲ್ಲಿದ್ದೇವೆ. ಬಿ.ಎಚ್. ರಸ್ತೆಗೊಂದು ಪಹಣಿ ತೆಗೆಸಿದರೆ 9ನೇ ಕಾಲಮ್ಮಿನಲ್ಲಿ ಸರ್ಕಾರದ ಹೆಸರಿರುತ್ತದೆ, ನಿಜ. ಆದರೆ 12ನೇ ಕಾಲಮ್ಮಿನಲ್ಲಿ ಸಾಗುವಳಿದಾರರು ಬೇಕರಿಯವರೇ. ನಮೂನೆ 50, 53, 57 ಆದಂತೆ ಮುಂದೊಂದು ನಮೂನೆ ರಸ್ತೆಬದಿಗೂ ಬಂದರೆ ತಾಲ್ಲೂಕು ಕಚೇರಿ ಮುಂದೆ ಸಾಲು ನಿಲ್ಲುವವರು ಬಹಳ ಮಂದಿ. ಆ ಸಾಲಿಗೆ ಬಂದವರು ಗಾಡಿ ಎಲ್ಲಿ ನಿಲ್ಲಿಸುತ್ತಾರೆ ಎಂದು ಕೇಳಬೇಡಿ.

ಕಲ್ಲು ಸರಿಸಲು ನಾನು ಕೆಳಗಿಳಿದೆ. ಅಂಗಡಿಯೊಳಗಿಂದ ದನಿ ಬಂತು.

“ಸಾರ್, ಅಲ್ ನಿಲ್ಲಿಸ್ಬೇಡಿ. ನಮ್ಮೋರು ಬರ್ತಾರೆ.”

“ಯಾರು ಬರ್ತಾರೆ?”

“ಬರ್ತಾರೆ ಸಾರ್.”

ಈ ‘ನಮ್ಮೋರು’ ಯಾರೆಂದು ಈವರೆಗೆ ನನಗೆ ತಿಳಿದಿಲ್ಲ. ತಿಪಟೂರಿನ ಅರ್ಧ ರಸ್ತೆ ಅವರಿಗಾಗಿಯೇ ಕಾದಿದೆ. ಅವರು ಬಂದದ್ದನ್ನು ಕಂಡವರಿಲ್ಲ. ಬರುವುದಿಲ್ಲವೆಂದು ಹೇಳುವ ಎದೆಗಾರಿಕೆಯೂ ಯಾರಿಗಿಲ್ಲ.

ಷಡ್ಡಕನಿಗೆ ಸಿಟ್ಟು ಬಂತು. ಅವನು ಕಾನೂನು ಬಲ್ಲವನು. 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ಪ್ರಕಾರ ಬೇರೆಯವರಿಗೆ ಅಡ್ಡಿಯಾಗುವಂತೆ ವಾಹನ ನಿಲ್ಲಿಸುವುದು ತಪ್ಪು, ಆದರೆ ಕಲ್ಲೇನು ವಾಹನವೇ ಎಂದು ಅವನ ವಾದ. ಬೆಂಗಳೂರಿಗೆ 2021ರಲ್ಲಿ ಪಾರ್ಕಿಂಗ್ ನೀತಿಯೊಂದಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿತಲ್ಲ, ಅದರಲ್ಲಿ ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ವರ್ಷಕ್ಕೆ 1000ದಿಂದ 5000 ರೂಪಾಯಿವರೆಗೆ ಪರ್ಮಿಟ್ ಶುಲ್ಕ ಹೇಳಿದೆ ಎಂದು ಶುರುಮಾಡಿದವನು ಜಪಾನಿಗೆ ಹೋದ. ಅಲ್ಲಿ 1962ರಿಂದ ಕಾನೂನೇ ಇದೆಯಂತೆ. ಕಾರು ನಿಲ್ಲಿಸಲು ಜಾಗವಿದೆಯೆಂದು ಪೊಲೀಸರಿಂದ ಸರ್ಟಿಫಿಕೇಟು ತಂದರೇ ಕಾರು ನೋಂದಣಿ. ನಮ್ಮಲ್ಲಿ ಕಾರು ಮೊದಲು ಬರುತ್ತದೆ, ನಿಂಬೆಹಣ್ಣಿನ ಮೇಲೆ ಹತ್ತಿಸುತ್ತೇವೆ, ಆಮೇಲೆ ಎಲ್ಲಿ ನಿಲ್ಲಿಸುವುದೆಂದು ಯೋಚಿಸುತ್ತೇವೆ.

ಅವನ ಭಾಷಣವನ್ನು ಅಂಗಡಿಯವರು ಶಾಂತವಾಗಿ ಕೇಳಿಸಿಕೊಂಡರು. ಕೊನೆಗೆ ನನ್ನ ಹೆಂಡತಿಯ ಕಡೆ ತಿರುಗಿ, “ಯಾವೂರಾಯ್ತಮ್ಮ?” ಎಂದರು.

“ನೊಣವಿನಕೆರೆ.”

“ಅಯ್ಯೋ, ಮೊದ್ಲೇ ಹೇಳ್ಬಾರ್ದೆ! ನಮ್ಮ ಅತ್ತೆ ಮನೆ ಅಲ್ಲೇ ಕಣಮ್ಮ.”

ಕಲ್ಲನ್ನು ಅವರೇ ಎತ್ತಿ ಬದಿಗಿಟ್ಟರು. ಹಿಂದೆ ಬನ್ನಿ, ಇನ್ನೂ ಬನ್ನಿ, ಸಾಕು ಸಾಕು ಎಂದು ಕೈಯಾಡಿಸಿ ಕಾರು ನಿಲ್ಲಿಸಿಕೊಟ್ಟರು. ಎಳನೀರೂ ಬಂತು. ಷಡ್ಡಕನ ಜಪಾನು ಎಳನೀರಿನಲ್ಲಿ ತೇಲಿಹೋಯಿತು. ನಾವು ಹೊರಟಾಗ ಕಲ್ಲು ಮತ್ತೆ ತನ್ನ ಜಾಗಕ್ಕೆ ಬಂದದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ.

ಇದರಲ್ಲೊಂದು ಸೊಗಸಿದೆ ಎಂದು ಒಪ್ಪುತ್ತೇನೆ. ಆದರೆ ಅತ್ತೆ ಮನೆ ನೊಣವಿನಕೆರೆಯಲ್ಲಿ ಇಲ್ಲದವರು ಎಲ್ಲಿಗೆ ಹೋಗಬೇಕು? ತಾಯಿಯನ್ನು ಡಾಕ್ಟರ ಹತ್ತಿರ ಕರೆತಂದ ಯಾವುದೋ ಊರಿನ ಹುಡುಗಿ, ನಂಟು ಹೇಳಿಕೊಳ್ಳಲು ಬಾರದೆ, ಊರನ್ನು ಸುತ್ತು ಹಾಕುತ್ತಲೇ ಇರಬೇಕೆ?

ಹಾಗಾದರೆ ಮನೆಯಲ್ಲಾದರೂ ಕಾರಿಗೆ ನೆಲೆಯಿದೆಯೇ? ನಮ್ಮ ಕಡೆ ಮನೆಯ ಒಳ್ಳೆಯ ಜಾಗವೆಲ್ಲ ತೆಂಗಿನಕಾಯಿಗೆ ಮೀಸಲು. ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿ ಹತ್ತು–ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿರಬೇಕು. ಒಳಗಿನ ನೀರು ಪೂರಾ ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅಟ್ಟ ತುಂಬಿದರೆ ಶೆಡ್ಡು. ಶೆಡ್ಡಿನ ಒಳಗೆ ಕಾಯಿ, ಹೊರಗೆ ಬಿಸಿಲಲ್ಲಿ ಕಾರು. ಸಾಲ ತೀರಿಸುವುದು ಕಾಯಿಯೇ ಆದ್ದರಿಂದ ಕಾರು ತಕರಾರು ಮಾಡುವ ಹಾಗಿಲ್ಲ.

ತೋಟದ ನೆರಳಿಗೆ ಒಯ್ಯೋಣವೆಂದರೆ ಮೇಲಿನಿಂದ ಯಾವಾಗ ಕಾಯಿ ಬೀಳುತ್ತದೋ, ಯಾವಾಗ ಒಣಗರಿ ಬೀಳುತ್ತದೋ ಹೇಳಲಾಗದು. ಷಡ್ಡಕ ಅದಕ್ಕೂ ಲೆಕ್ಕ ಹಾಕಿದ. ನಾಲ್ಕು ಮರಗಳ ಸರಿಯಾದ ನಡುಮಧ್ಯೆ ನಿಲ್ಲಿಸಿದರೆ ಪ್ರತಿ ಮರದಿಂದಲೂ 21 ಅಡಿ ದೂರ. ಕಾಯಿ ಅಷ್ಟು ದೂರ ಹಾರುವುದಿಲ್ಲ. ಲೆಕ್ಕ ಸರಿಯಾಗಿತ್ತು. ಮಾವನವರನ್ನು ಕೇಳಿದೆವು.

“ನಡುಮಧ್ಯಾನಾ? ಅಲ್ಲಿ ಬಾಳೆ ಇಡ್ಬೇಕು ಕಣಪ್ಪ,” ಎಂದರು.

ಈ ಸೀಮೆಯಲ್ಲಿ ಯಾರೂ ಎಬ್ಬಿಸದ, ಯಾರೂ ಸೀಟಿ ಊದದ ವಾಹನ ನಾನು ಕಂಡದ್ದು ಒಂದೇ: ತುರುವೇಕೆರೆಯ ಗಂಗಾಧರೇಶ್ವರ ದೇವಸ್ಥಾನದ ನಂದಿ. ಹೊಳೆಯುವ ಕಪ್ಪು ಮೈ, ಒಂದು ಗೀರೂ ಇಲ್ಲ. ಒಡೆಯನ ಎದುರಿಗೇ ನಿಂತಿರುವ ಧೈರ್ಯ ಅದಕ್ಕೆ.

ತುರುವೇಕೆರೆಯ ಪಟ್ಟಣ ಪಂಚಾಯಿತಿ, ಚಿಕ್ಕನಾಯಕನಹಳ್ಳಿಯ ಪುರಸಭೆ, ತಿಪಟೂರಿನ ನಗರಸಭೆ ಮೂರಕ್ಕೂ ನನ್ನದೊಂದು ಅರ್ಜಿಯಿದೆ. ಪೇಟೆಗೆ ಹತ್ತಿರ ಒಂದೇ ಒಂದು ಎಕರೆ ತೆಗೆದಿಟ್ಟು, ಗಂಟೆಗೆ ಇಷ್ಟೆಂದು ದುಡ್ಡು ಹಾಕಿ, ರಸೀದಿ ಕೊಡಿ. ಊರು ಯಾವುದೆಂದು ಕೇಳಬೇಡಿ. 48 ಮರದ ಜಾಗ ಅದು. ಓಡಾಡಲು ದಾರಿ ಬಿಟ್ಟರೂ ನೂರಕ್ಕೂ ಹೆಚ್ಚು ಕಾರು ಹಿಡಿಯುತ್ತವೆ.

ಅಲ್ಲಿಯವರೆಗೆ ಹರಾಜಿನ ದಿನ ಈ ಕಡೆ ಬರುವವರು ಕಾರು ಬಿಟ್ಟು ರೈಲು ಹತ್ತಿ. ತುರುವೇಕೆರೆಗಾದರೆ ಬಾಣಸಂದ್ರದಲ್ಲಿ ಇಳಿದು ಬಸ್ಸು ಹಿಡಿಯಬೇಕು. ತಿಪಟೂರಿನ ಸ್ಟೇಷನ್ನು ಊರೊಳಗೇ ಇದೆ, ನಡೆದೇ ಪೇಟೆ ಸೇರಬಹುದು. ಸೀಟಿಗೆ ಹಾಕಲು ಟವೆಲು ಮಾತ್ರ ಮರೆಯದೆ ತನ್ನಿ.